ಬಿಳಿಗುಂಡಿಯ ಹುಲ್ಲಿನ ಹನುಮಂತ

ಸಿರಿ, ಮೊನ್ನೆ ಯಲ್ಲಾಪುರದಿಂದ ಫೋನ್ ಮಾಡಿದಾಗ ನೀನೊಂದು ಪ್ರಶ್ನೆ ಕೇಳಿದೆ. "ಅಮ್ಮಮ್ಮ, ಇಲ್ಲೊಂದು ಊರಿದ್ದು. ಜ್ವರ ಬಂದ್ರೆ ಮೊದಲು ದೇವರ ಹತ್ರ ಹೋಗ್ತ, ಆಮೇಲೆ ನನ್ನ ಹತ್ರ ಬತ್ತ. ಅದ್ರ ಪಕ್ಕದ ಊರಿನವು ಹಂಗಲ್ಲ. ಕೆಲವು ಊರಿಗೆ ಎಂತಕ್ಕೆ ಇಷ್ಟು ದೇವರು ಬೇಕು? ಓದಿದ್ದು ಕಡಿಮೆ ಹೇಳಿಯ?"

ನಾನು "ಹೂಂ, ನೋಡನ" ಎಂದು ಫೋನ್ ಇಟ್ಟೆ. ಎದುರಿಗೆ ಕೂತವರ ಜೊತೆಗೇ ನನಗೆ ಮಾತು ಸಲೀಸಾಗಿ ಬರುವುದಿಲ್ಲ, ಫೋನಿನಲ್ಲಿ ಹೇಗೆ ಬಂದೀತು? ಆದರೆ ಉತ್ತರ ನನ್ನಲ್ಲಿದೆ. ಈಗಷ್ಟೇ ಆಸ್ಪತ್ರೆಯ ಕೆಲಸಕ್ಕೆ ಸೇರಿದ ನಿನಗೂ, ನಾಳೆ ಇಂಥದೇ ಕೆಲಸ ಹಿಡಿಯಬಹುದಾದ ನಿನ್ನ ತಮ್ಮನಿಗೂ ಉಪಯೋಗವಾದೀತೆಂದು ಬರೆದಿಡುತ್ತಿದ್ದೇನೆ. ನಾನು ಓದಿದ್ದು ಊರ ಶಾಲೆಯಲ್ಲಿ. ಬರವಣಿಗೆ ಅಷ್ಟಕ್ಕಷ್ಟೆ ಎಂದು ತಿಳಿದೇ ಓದು.

ಮದುವೆಗೆ ಮುಂಚೆ ನಾನು ಆರೋಗ್ಯ ಸಹಾಯಕಿಯ ತರಬೇತಿ ಮುಗಿಸಿದ್ದೆ. ಆ ಕಾಗದ ಪೆಟ್ಟಿಗೆಯ ತಳದಲ್ಲೇ ಇತ್ತು. ನಿನ್ನ ಅಮ್ಮ ಕನ್ನಡ ಶಾಲೆಗೆ ಹೋಗುತ್ತಿದ್ದಾಗ ನಿನ್ನಜ್ಜ ತೀರಿಕೊಂಡರು. ಆಗ ಪೆಟ್ಟಿಗೆ ತೆಗೆದೆ. ತೊಂಬತ್ತರ ದಶಕದ ಶುರುವಿನಲ್ಲಿ ನನ್ನನ್ನು ಹಾಕಿದ್ದು ಯಲ್ಲಾಪುರದ ಕಡೆಯ ಒಂದು ಉಪಕೇಂದ್ರಕ್ಕೆ. ಆಗ ಗಾಜಿನ ಸಿರಿಂಜು. ಸ್ಟೋವ್ ಹಚ್ಚಿ ಕುದಿಸಿ, ಆರಿಸಿ, ಚುಚ್ಚಬೇಕು. ಸೂಜಿ ಮೊಂಡಾದರೆ ಕಲ್ಲಿಗೆ ತಿಕ್ಕುತ್ತಿದ್ದೆವು ಎಂದರೆ ನೀನು ಕಣ್ಣು ಬಿಡುತ್ತೀಯ. ಲಸಿಕೆಯ ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ಬಸ್ಸು ತಪ್ಪಿದರೆ ಹೆದ್ದಾರಿಯಲ್ಲಿ ನಿಂತು ಲಾರಿಗೆ ಕೈ ಮಾಡಬೇಕಾಗುತ್ತಿತ್ತು. ಮೊದಮೊದಲು ಕೈ ಎತ್ತಲೂ ನಾಚಿಕೆಯಾಗಿ, ಸೆರಗು ಸರಿಮಾಡಿಕೊಂಡಂತೆ ಮಾಡುತ್ತಿದ್ದೆ. ಯಾವ ಲಾರಿಯೂ ನಿಲ್ಲುತ್ತಿರಲಿಲ್ಲ.

ಅಂಕೋಲೆಯ ಕಡೆ ಘಟ್ಟ ಇಳಿಯುವ ಮುಂಚೆ ರಸ್ತೆಯ ಬದಿಗೆ ಒಂದು ಸಣ್ಣ ಗುಡಿಯಿತ್ತು. ಇಳಿಯುವ ಲಾರಿಯೆಲ್ಲ ಅಲ್ಲಿ ನಿಲ್ಲುತ್ತಿತ್ತು. ಡ್ರೈವರ್ ಹಾರಿ ಇಳಿದು, ಕಾಯಿ ಒಡೆದು, ಕುಂಕುಮ ತಂದು ಸ್ಟೇರಿಂಗಿಗೆ ಹಚ್ಚುತ್ತಿದ್ದ. ದಿನವೂ ಅಲ್ಲೇ ಓಡಾಡುತ್ತಿದ್ದ ನನಗೆ ಕೆಲವು ತಿಂಗಳಾದ ಮೇಲೆ ಒಂದು ವಿಷಯ ಹೊಳೆಯಿತು. ಘಟ್ಟ ಹತ್ತಿ ಬರುವ ಲಾರಿ ನಿಲ್ಲುವುದಿಲ್ಲ! ಹೆಚ್ಚೆಂದರೆ ಒಂದು ಹಾರ್ನ್. ಒಂದು ದಿನ ಮರ ಹೇರಿಕೊಂಡಿದ್ದ ಹುಬ್ಬಳ್ಳಿಯ ಲಾರಿಯಲ್ಲಿ ಕೂತಿದ್ದಾಗ ಧೈರ್ಯ ಮಾಡಿ ಡ್ರೈವರನ್ನೇ ಕೇಳಿದೆ.

"ಅಲ್ಲಕ್ಕ," ಎಂದು ಅವನು ನಕ್ಕ, "ಹತ್ತುವಾಗ ಇಂಜಿನ್ ಐತಿ, ನಾ ಅದೀನಿ. ಇಳಿಯುವಾಗ ಬ್ರೇಕ್ ನನ್ನ ಕೈಯಾಗ ಎಲ್ಲಿರತೈತಿ? ಅವನ ಕೈಯಾಗ. ಅದಕ್ಕ ಅವನ್ನ ಮಾತಾಡಿಸಿಕೊಂಡು ಹೋಗೂದು."

ಒಂದೇ ರಸ್ತೆ, ಒಬ್ಬನೇ ಮನುಷ್ಯ, ಒಂದೇ ಗುಡಿ. ಇಳಿಯುವಾಗ ಭಕ್ತ, ಹತ್ತುವಾಗ ಅವಸರದವ. ಆ ದಿನದಿಂದ ಯಾವ ಊರಿಗೆ ಹೋದರೂ ಇವರ ಇಳಿಜಾರು ಯಾವುದು ಎಂದು ಹುಡುಕುವ ಅಭ್ಯಾಸ ನನಗಾಯಿತು. ಹೊಳೆಗೆ ಸೇತುವೆಯಿಲ್ಲದ ಕೇರಿಯಲ್ಲಿ ಬಸುರಿಗೆ ಹರಕೆ ಹೆಚ್ಚು. ಬಸ್ಸು ದಿನವೂ ಬರುವ ಊರಿನಲ್ಲಿ ಕಡಿಮೆ. ಓದಿಗೂ ಇದಕ್ಕೂ ಅಂಥ ಸಂಬಂಧ ಕಾಣಲಿಲ್ಲ. ಹೆರಿಗೆ ನೋವು ಬಂದಾಗ ಗಾಡಿ ಸಿಗದಿದ್ದರೆ ಮಾಸ್ತರರ ಹೆಂಡತಿಯೂ ಮುಡಿಪು ಕಟ್ಟುತ್ತಿದ್ದಳು.

ಎಲ್ಲ ತಿಳಿಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಶಿರಸಿ ಕಡೆಗೆ, ಸೋಂದೆಯ ಹತ್ತಿರಕ್ಕೆ ವರ್ಗವಾಯಿತು. ಅಲ್ಲಿನ ತೋಟದ ಮನೆಗಳಿಗೆ ನನ್ನ ಲೆಕ್ಕ ಹೊಂದಲಿಲ್ಲ. ಮನೆಯಲ್ಲಿ ಓದಿದವರಿದ್ದರು, ಅಂಗಳದಲ್ಲಿ ಜೀಪಿತ್ತು, ಶಿರಸಿಯ ಆಸ್ಪತ್ರೆ ದೂರವಿರಲಿಲ್ಲ. ಇಳಿಜಾರೇ ಇಲ್ಲ. ಆದರೂ ದೇವರ ಕಾರ್ಯ ತಪ್ಪುತ್ತಿರಲಿಲ್ಲ. ಇಂದು ಒಬ್ಬರ ಮನೆಯಲ್ಲಿ ಸತ್ಯನಾರಾಯಣ ವ್ರತ, ನಾಳೆ ಇನ್ನೊಬ್ಬರಲ್ಲಿ ಗಣಹೋಮ. ಅಲ್ಲಿನ ಭಾಗೀರಥಕ್ಕ ಎಂಬ ಹಿರಿಯರಿಗೆ ಸಕ್ಕರೆ ಕಾಯಿಲೆ. ತಪಾಸಣೆಗೆ ಹೋದಾಗಲೆಲ್ಲ ಬಾಗಿಲ ಸಂದಿಯಲ್ಲಿ ನಿಂತು ಮಾತಾಡುವ ನನ್ನನ್ನು ಕೈಹಿಡಿದು ಒಳಗೆ ಕೂರಿಸುತ್ತಿದ್ದರು. ಒಮ್ಮೆ ಅವರನ್ನೂ ಕೇಳಿಬಿಟ್ಟೆ, ಇಷ್ಟೊಂದು ಪೂಜೆ ಯಾವ ಹೆದರಿಕೆಗೆ ಎಂದು.

"ಹೆದರಿಕೆ ಎಂತದೇ ತಂಗಿ?" ಎಂದು ಅವರು ಜೋರಾಗಿಯೇ ಹೇಳಿದರು. "ಪಂಕ್ತಿಲಿ ಊಟಕ್ಕೆ ಕುಂತಾಗ ಯಾರು ಬೈಂದ, ಯಾರು ಬೈಂದಿಲ್ಲೆ ಹೇಳಿ ಗೊತ್ತಾಗ್ತು. ಮೊನ್ನೆ ಮೇಲಿನ ಮನೆ ಸುಬ್ರಾಯಣ್ಣ ಬೈಂದ್ನಿಲ್ಲೆ. ನೋಡಲೆ ಹೋದ್ರೆ ನಾಲ್ಕು ದಿನದಿಂದ ಹಾಸಿಗೆಲಿದ್ದ. ಪೂಜೆ ಇಲ್ದೇ ಇದ್ರೆ ಯಾರು ನೋಡ್ತಿದ್ರು? ನೀನು ನೋಡ್ತಿದ್ಯ?"

ನಾನು ನೋಡುತ್ತಿರಲಿಲ್ಲ. ಸುಬ್ರಾಯಣ್ಣನ ಮನೆ ನನ್ನ ಮುಂದಿನ ತಿಂಗಳ ಸುತ್ತಿನಲ್ಲಿತ್ತು. ಅಂದಿನಿಂದ ಯಾರ ಮನೆಯಲ್ಲಿ ಊಟವಿದ್ದರೂ ಹಿತ್ತಲಿನಿಂದ ಹೋಗಿ "ಇವತ್ತು ಯಾರು ಬೈಂದ್ವಿಲ್ಲೆ?" ಎಂದು, ಬಾರದವರು ಯಾರೆಂದು ಕೇಳಿ ಬರುತ್ತಿದ್ದೆ. ಕಾಯಿಲೆಯವರನ್ನು ಹುಡುಕಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ. ತಾಲೂಕಿನ ಮೀಟಿಂಗಿನಲ್ಲಿ ಇದನ್ನು ಹೇಳಬೇಕು ಎಂದು ಪ್ರತಿ ಸಲವೂ ಅಂದುಕೊಂಡು ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು, ಚಹಾ ಕುಡಿದು ಬರುತ್ತಿದ್ದೆ.

ಈಗ ಸಿದ್ದಾಪುರದ ಕಥೆಗೆ ಬರುತ್ತೇನೆ. ಅಲ್ಲಿಗೆ ನಾನು ಹೋದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ನನಗೆ ಬಂದ ಹಳ್ಳಿಗಳಲ್ಲಿ ಕೋಲಸಿರ್ಸಿಯ ಸುತ್ತಿನವರು ಬೆಳಿಗ್ಗೆ ಪೇಟೆಗೆ ಹೋಗಿ ಸಂಜೆ ಬರುವ ಜನ. ಜ್ವರ ಬಂದರೆ ಮಾತ್ರೆ, ಮಾತ್ರೆಗೆ ಬಗ್ಗದಿದ್ದರೆ ಡಾಕ್ಟರು, ದೇವರಿಗೆ ಹಬ್ಬದ ದಿನ ಕೈಮುಗಿದರೆ ಮುಗಿಯಿತು. ಅಲ್ಲಿಂದ ಕಾಡಿನ ಒಳಗೆ ನಡೆದರೆ ಬಿಳಿಗುಂಡಿ ಎಂಬ ಸಣ್ಣ ಕೇರಿ. ಜೀಪು ಅರ್ಧ ದಾರಿಗೇ ನಿಲ್ಲುತ್ತಿತ್ತು. ಅಲ್ಲಿಯವರು ಕೂಲಿ ಮಾಡುತ್ತಿದ್ದರು, ದರಕು, ಅಂದರೆ ಕಾಡಿನ ಒಣ ಎಲೆ, ಗುಡಿಸುತ್ತಿದ್ದರು, ಸೌದೆ ತರುತ್ತಿದ್ದರು. ವರ್ಷದ ಅರ್ಧ ಭಾಗ ಅವರ ಕಾಲು ಕಾಡಿನಲ್ಲಿಯೇ.

ಮಂಗನ ಕಾಯಿಲೆ ನಿನಗೆ ಗೊತ್ತು. ಕಾಡಿನ ಉಣುಗು, ಅಂದರೆ ಉಣ್ಣೆಹುಳ, ಕಚ್ಚಿದರೆ ಮಂಗನಿಗೂ ಬರುತ್ತದೆ, ಮನುಷ್ಯನಿಗೂ ಬರುತ್ತದೆ. ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗೆಲ್ಲ ಇಳಿದು ಅಲ್ಲೇ ಸುತ್ತಮುತ್ತ ಕಾದು ಕೂರುತ್ತದೆ. ಹಾಗಾಗಿ ಸತ್ತ ಮಂಗನ ಹತ್ತಿರ ಯಾರೂ ಹೋಗಬಾರದು, ಕೂಡಲೇ ನಮಗೆ ತಿಳಿಸಬೇಕು, ನಮ್ಮವರು ಕೈಗವಸು ಹಾಕಿಕೊಂಡು ಬಂದು, ಸುತ್ತ ಪುಡಿ ಎರಚಿ, ಹೆಣವನ್ನು ಸುಡಬೇಕು.

ಬಿಳಿಗುಂಡಿಯಲ್ಲಿ ನಡೆಯುತ್ತಿದ್ದದ್ದು ಇದಕ್ಕೆ ತೀರ ಉಲ್ಟಾ. ಮಂಗ ಅವರಿಗೆ ಹನುಮಂತ. ಬದುಕಿದ್ದಾಗ ಬಾಳೆಗೊನೆ ಮುರಿದರೆ ಕವಣೆಯಲ್ಲಿ ಕಲ್ಲು ಬೀಸುತ್ತಿದ್ದರು, ಬಾಯಿಗೆ ಬಂದಂತೆ ಬೈಯುತ್ತಿದ್ದರು. ಸತ್ತರೆ ಮಾತ್ರ ಮನುಷ್ಯರ ಹಾಗೆಯೇ ಕಾರ್ಯ. ಬಿದಿರಿನ ಚಟ್ಟ ಕಟ್ಟಿ, ಮಂಗನನ್ನು ಕೂತ ಹಾಗೆ ಕೂರಿಸಿ, ಹೂ ಹಾಕಿ, ಪ್ರತಿ ಮನೆಯ ಗಂಡಹೆಂಡತಿ ಇಬ್ಬರೂ ಹೆಗಲು ಕೊಟ್ಟು ಹೊತ್ತು, ಹನುಮಂತನ ಕಲ್ಲಿನ ಹತ್ತಿರ ಹೂಳುತ್ತಿದ್ದರು. ಮುಂದೆ ನಿಂತು ಮಾಡಿಸುವವನು ಬಂಗಾರ್ಯ ನಾಯ್ಕ, ಆ ಕೇರಿಯ ಯಜಮಾನ.

ನಾನು ಹೋಗುವ ಹಿಂದಿನ ಬೇಸಿಗೆಯಲ್ಲಿ ಬಂಗಾರ್ಯನ ತಮ್ಮ ಹೀಗೆ ಒಂದು ಮಂಗನನ್ನು ಹೊತ್ತಿದ್ದ. ವಾರ ಕಳೆಯುವಷ್ಟರಲ್ಲಿ ಜ್ವರ ಬಂತು, ಉಳಿಯಲಿಲ್ಲ. ಅವನ ಹೆಂಡತಿ ಗೌರಿ ಆಗ ಬಾಣಂತಿ, ಹೆಗಲು ಕೊಡಲು ಬಂದಿರಲಿಲ್ಲ. ಊರು ಏನು ತೀರ್ಮಾನ ಮಾಡಿತು ಗೊತ್ತೇ? ಆ ಮನೆಯ ಕಾರ್ಯ ಅರ್ಧವಾಯಿತು, ಅದಕ್ಕೇ ಹನುಮಂತ ಮುನಿದ. ಮುಂದಿನ ಸಲ ಮಂಗ ಬಿದ್ದಾಗ ಗೌರಿಯೇ, ಮಗುವನ್ನೂ ಸೊಂಟದಲ್ಲಿ ಕೂರಿಸಿಕೊಂಡು, ಮುಂದಿನ ಹೆಗಲು ಕೊಡಬೇಕು.

ನನಗಿದು ತಿಳಿದದ್ದು ಗೌರಿಯಿಂದಲೇ. ಮಗುವಿಗೆ ದಢಾರದ ಚುಚ್ಚುಮದ್ದು ಕೊಡಿಸಲು ಬಂದಿದ್ದಳು.

"ನೀನು ಒಪ್ಪಿದೆಯಾ?" ಎಂದು ಕೇಳಿದೆ.

"ಒಪ್ಪದೆ ಎಲ್ಲಿಗೆ ಹೋಗ್ಲಿ ಅಕ್ಕೋರೆ? ನಾಳೆ ಇದಕ್ಕೆ ಜ್ವರ ಬಂದ್ರೆ ಜೀಪಿನ ತನಕ ಹೊತ್ಕ ಬರೋರು ಯಾರು? ನೀವಾ? ಇವರೇ ಅಲ್ದ?"

ಅವಳು ಸಿಟ್ಟಿನಿಂದ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ನನಗೂ ತಿಳಿಸಿದಳು, ಅಷ್ಟೆ. ಮಂಗನ ಕಾಯಿಲೆಯ ಸೂಜಿ ಹಾಕಿಸಿಕೊಳ್ಳುವ ವಯಸ್ಸು ಆ ಮಗುವಿಗೆ ಆಗಿರಲಿಲ್ಲ. ಗೌರಿಗೆ ಮೊದಲ ಸೂಜಿ ಕೊಟ್ಟು, ತಿಂಗಳು ಬಿಟ್ಟು ಎರಡನೆಯದಕ್ಕೆ ಬರುತ್ತೇನೆಂದೆ. ಆದರೆ ಸೂಜಿ ಹಾಕಿದ ಮಾತ್ರಕ್ಕೆ ಉಣುಗಿನ ರಾಶಿಯನ್ನು ಹೆಗಲ ಮೇಲೆ ಹೊರಬಹುದು ಎಂದಲ್ಲವಲ್ಲ.

ನಮ್ಮ ಡಾಕ್ಟರು ಹಾವೇರಿ ಕಡೆಯವರು. ಕೆಲಸದಲ್ಲಿ ಚುರುಕು, ಬಾಯಿಯೂ ಅಷ್ಟೇ ಚುರುಕು. ವಿಷಯ ಹೇಳಿದ ಮರುದಿನವೇ ಹೊರಟರು. ಕೇರಿಯವರನ್ನೆಲ್ಲ ಶಾಲೆಯ ಜಗಲಿಯಲ್ಲಿ ಸೇರಿಸಿ ಶುರುಮಾಡಿದರು. "ಅದು ಮಂಗ್ಯಾ ಐತ್ರಿ, ದೇವರಲ್ಲ! ಸತ್ತ ಮಂಗ್ಯಾನ್ನ ಹೊತ್ತು ಮೆರಸತೀರಲ್ಲ, ಬುದ್ಧಿ ಬ್ಯಾಡೇನ್ರಿ?"

ಬಂಗಾರ್ಯ ಎದ್ದು ನಿಂತ. "ಸಾಹೇಬ್ರೆ, ನಿಮ್ಮ ಜೀಪಿನ ಮುಂದೆ ನಿಂಬೆಹಣ್ಣು ಕಟ್ಟೀರಲ್ಲ. ಅದು ಎಂತಕ್ಕೆ?"

"ಅದು ನಾ ಕಟ್ಟಿಲ್ಲ. ಡ್ರೈವರ್ ಕಟ್ಟ್ಯಾನ."

"ಇಲ್ಲೂ ಹಂಗೇಯ. ನಾನು ಮಾಡಿದ್ದಲ್ಲ, ನಮ್ಮಪ್ಪ ಮಾಡಿಟ್ಟದ್ದು."

ಜಗಲಿಗೆ ಜಗಲಿಯೇ ನಕ್ಕಿತು. ಡಾಕ್ಟರ ಮುಖ ಕೆಂಪಾಯಿತು. ಹಿಂದಿರುಗುವಾಗ ಜೀಪಿನಲ್ಲಿ, "ಕೆಡಿಸಿದೆ ಅನಸ್ತದ ಅಕ್ಕಾರ. ಹೆಂಗ ಹೇಳಬೇಕಿತ್ತು?" ಎಂದು ಕೇಳಿದರು. ತಮ್ಮ ಕೈ ಕೆಳಗಿನವರನ್ನು ಹಾಗೆ ಕೇಳುವ ಮೇಲಧಿಕಾರಿ ಸಿಗುವುದು ಕಷ್ಟ. ನಿನಗೆ ಸಿಕ್ಕರೆ ಬೆಲೆ ಕೊಡು.

ಕೆಟ್ಟದ್ದಂತೂ ನಿಜ. ಅಲ್ಲಿಂದ ಮುಂದೆ ಬಿಳಿಗುಂಡಿಯವರು ನಮಗೆ ಏನನ್ನೂ ಹೇಳುವುದನ್ನು ಬಿಟ್ಟರು. ಕಾಡಿಗೆ ಹೋಗುವಾಗ ಕೈಕಾಲಿಗೆ ಹಚ್ಚಿಕೊಳ್ಳಿ ಎಂದು ಉಣುಗಿನ ಎಣ್ಣೆಯ ಬಾಟಲಿಗಳನ್ನು ಮನೆಮನೆಗೆ ಕೊಟ್ಟುಬಂದಿದ್ದೆ. ಮುಂದಿನ ವಾರ ಹೋದರೆ ಎಲ್ಲ ಖಾಲಿ. ಸಂತೋಷವಾಯಿತು. ನೋಡಿದರೆ ಹನುಮಂತನ ಕಲ್ಲು ಅಡಿಯಿಂದ ಮುಡಿವರೆಗೆ ಎಣ್ಣೆಯಲ್ಲಿ ಹೊಳೆಯುತ್ತಿದೆ!

"ಮೊದಲು ದೇವರಿಗೆ ಹಾಕದೆ ನಾವು ಹಚ್ಕಳೂದಾ?" ಎಂದಳು ಒಬ್ಬಳು. ಇನ್ನೊಬ್ಬಳು, "ಎಣ್ಣೆ ಒಳ್ಳೇದುಂಟು ಅಕ್ಕೋರೆ. ಕಲ್ಲಿಗೆ ಒಂದೂ ಉಣುಗು ಹತ್ಲಿಲ್ಲ" ಎಂದಳು. ನನ್ನನ್ನು ಗೇಲಿ ಮಾಡುತ್ತಿದ್ದಾಳೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮುಂದಿನ ಸಲದಿಂದ ಒಂದು ಬಾಟಲಿ ಹೆಚ್ಚಿಗೆ ತೆಗೆದುಕೊಂಡು ಹೋಗಿ, "ಇದು ದೇವರದ್ದು, ಉಳಿದದ್ದು ನಿಮ್ಮದು" ಎಂದೆ. ಆ ಲೆಕ್ಕ ಅವರಿಗೆ ಒಪ್ಪಿತವಾಯಿತು.

ಗೌರಿಯ ಎರಡನೆಯ ಸೂಜಿಗೆ ಹೋದ ದಿನ ಅವಳು ದರಕು ತರಲು ಹೋಗಿದ್ದಳು. ಕಾಯುತ್ತ ಬಂಗಾರ್ಯನ ಅಂಗಳದಲ್ಲಿ ಕೂತೆ. ಬಂಗಾರ್ಯ ಒಂದು ಬದಿಗೆ ಬುಟ್ಟಿಗೆಂದು ಬಿದಿರು ಸೀಳುತ್ತಿದ್ದ. ನನ್ನನ್ನು ನೋಡಿಯೂ ನೋಡದವನಂತೆ ಇದ್ದ. ಅವನ ತಾಯಿ ಹುಚ್ಚಮ್ಮ ನನ್ನೆದುರು ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಏನು ಮಾತಾಡುವುದೆಂದು ತೋಚದೆ, ಇಬ್ಬರು ವಿಧವೆಯರು ಎದುರುಬದುರು ಕೂತರೆ ಬರುವ ಮಾತನ್ನೇ ಆಡಿದೆ. ಯಜಮಾನರು ಹೋಗಿ ಎಷ್ಟು ಕಾಲವಾಯಿತು ಎಂದೆ.

"ಈ ಬಂಗಾರ್ಯ ಸಣ್ಣೋನು, ಇವನ ತಮ್ಮ ಅಂಬೆಗಾಲು ಇಡ್ತಿದ್ದ. ಘಟ್ಟದ ಕೆಳಗೆ ಮರ ಕೊಯ್ಯೂಕೆ ಹೋದೋರು ಹೊಳೇಲಿ ಹೋದ್ರು. ಹೆಣ ಸಿಗ್ಲೇ ಇಲ್ಲ. ಹುಲ್ಲಲ್ಲಿ ಒಂದು ಆಳು ಮಾಡಿ, ಅವರ ಪಂಜಿ ಉಡಿಸಿ, ಎಲ್ಲಾ ಕಾರ್ಯ ಮಾಡಿ ಸುಟ್ವಿ."

ನನ್ನ ಬಾಯಿಂದ ತಾನಾಗಿ ಬಂತು: "ಹೆಣ ಮುಟ್ಟದೆ ಮಾಡಿದ್ದು ಅವರಿಗೆ ಸೇರಿತೇ ಹುಚ್ಚಮ್ಮ?"

ಸುಣ್ಣದ ಬೆರಳು ಹಾಗೇ ನಿಂತಿತು. "ಎಂತ ಮಾತು ಆಡ್ತ್ರಿ ಅಕ್ಕೋರೆ? ಸೇರ್ದೆ ಎಲ್ಲಿಗೆ ಹೋಗ್ತದೆ! ಆಮೇಲೆ ಒಂದು ದಿನ ಕನಸಲ್ಲೂ ಬಂದು ಕಾಡ್ಲಿಲ್ಲ."

ಬಿದಿರು ಸೀಳುವ ಸದ್ದು ನಿಂತಿದ್ದು ನನಗೆ ಕೇಳಿಸಿತು. ನಾನು ತಲೆ ಎತ್ತಲಿಲ್ಲ. ಮುಂದಿನ ಮಾತು ನನ್ನಿಂದ ಬಂದರೆ ಕೆಡುತ್ತದೆ ಎಂದು ಗೊತ್ತಿತ್ತು. ಬಾಯಿಲ್ಲದವಳಾಗಿ ಹುಟ್ಟಿದ್ದಕ್ಕೆ ಆ ಒಂದು ದಿನ ನನಗೆ ಸಂತೋಷವಾಗಿದೆ. ಹುಚ್ಚಮ್ಮ ಎಲೆಯನ್ನು ಬಾಯಿಗಿಟ್ಟು ಅಗಿದಳು, ಮಗನ ಕಡೆ ನೋಡಿದಳು, ಸೊಸೆ ದರಕಿನ ಹೊರೆ ಹೊತ್ತು ಬರುವ ದಾರಿಯ ಕಡೆ ನೋಡಿದಳು.

"ಅಲ್ದ ಬಂಗಾರ್ಯ," ಎಂದಳು, "ನಿಮ್ಮಪ್ಪಂಗೆ ಗೊತ್ತಾದದ್ದು ಹನುಮಂತಂಗೆ ಗೊತ್ತಾಗೂದಿಲ್ವಾ? ಲಂಕೆಗೆ ಹಾರ್ದೋನು, ನಿಮ್ಮಪ್ಪಂಗಿಂತ ದಡ್ಡನಾ?"

ಬಂಗಾರ್ಯ ಕತ್ತಿ ಕೆಳಗಿಟ್ಟ. "ಗೌರಿ ಹೊರೂದು ಹೊರೂದೇ. ಅದು ಊರಿನ ಮಾತು."

"ಹೊರ್ಲಿ. ಹುಲ್ಲಿಂದು ಹೊರ್ಲಿ. ಹಗುರಾಗ್ತದೆ."

ಬಂಗಾರ್ಯ ಮತ್ತೆ ಕತ್ತಿ ತೆಗೆದುಕೊಂಡು ಬಿದಿರು ಸೀಳತೊಡಗಿದ. ಗೌರಿ ಬಂದಳು, ಸೂಜಿ ಹಾಕಿದೆ, ಹೊರಟೆ. ಡಾಕ್ಟರಿಗೆ ಹೇಳಿದಾಗ ಅವರು ಟೇಬಲ್ಲಿಗೆ ಕೈ ಬಡಿದು, "ಇವತ್ತೇ ಹೋಗಿ ಗಟ್ಟಿ ಮಾಡಿಕೊಂಡು ಬರೋಣ ನಡೀರಿ" ಎಂದರು. ಬೇಡ ಸರ್ ಎಂದೆ. ನಾನು ಒಬ್ಬ ಡಾಕ್ಟರಿಗೆ ಬೇಡ ಎಂದದ್ದು ಅದೇ ಮೊದಲು.

ಆಮೇಲಿನ ವಾರಗಳು ಕಷ್ಟದವು. ಬಿಸಿಲು ಏರಿತು, ಬೇರೆ ಕಡೆ ಮಂಗ ಸತ್ತ ಸುದ್ದಿ ಬರತೊಡಗಿತು. ಬಿಳಿಗುಂಡಿಯಿಂದ ಸುದ್ದಿಯಿಲ್ಲ. ಸತ್ತಿಲ್ಲವೋ, ಮುಚ್ಚಿಟ್ಟರೋ? ಆ ಮಗುವಿನ ಮುಖ ಕಣ್ಣೆದುರು ಬರುತ್ತಿತ್ತು. ಒಂದು ಬೆಳಿಗ್ಗೆ ಉಪಕೇಂದ್ರದ ಬೀಗ ತೆಗೆಯುತ್ತಿದ್ದೆ. ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಬಂಗಾರ್ಯ. ಕಾಡುದಾರಿ ನಡೆದು ಬಂದಿದ್ದ, ಹೆಗಲ ಮೇಲೆ ಬಿಳಿ ಪಂಜಿ.

"ಒಬ್ರು ತೀರ್ಕಂಡ್ರು ಅಕ್ಕೋರೆ."

ಬೀಗ ಅಲ್ಲೇ ಬಿಟ್ಟು ಅವನ ಹತ್ತಿರ ಹೋದೆ. "ಯಾರು?"

"ಹನುಮಂತ. ಬಿದಿರು ಮೆಳೆಯ ಹತ್ರ. ಯಾರೂ ಮುಟ್ಟಿಲ್ಲ. ನಾಯಿಗಳನ್ನೂ ಕಟ್ಟಿಹಾಕಿ ಬಂದೀನಿ. ನಿಮ್ಮೋರಿಗೆ ಹೇಳಿ, ಬೇಗ ಬರೂಕೆ. ನಮಗೆ ಕಾರ್ಯಕ್ಕೆ ಹೊತ್ತಾಗ್ತದೆ."

ನಮ್ಮವರು ಹೋಗಿ ಮಾಡುವುದನ್ನು ಮಾಡಿದರು. ಕೇರಿಯ ಒಳಗೆ, ಅಲ್ಲಿಂದ ದೂರದಲ್ಲಿ, ಒಣಹುಲ್ಲಿನ ಹನುಮಂತ ಸಿದ್ಧನಾಗಿದ್ದ. ಬಾಲವನ್ನು ಮಾತ್ರ ಬಹಳ ಉದ್ದ ಮಾಡಿದ್ದರು. ಮುಂದಿನ ಹೆಗಲು ಗೌರಿಯದು, ಮಗು ಸೊಂಟದಲ್ಲಿ. ಅವಳು ಅಳುತ್ತಿದ್ದಳು, ಗಂಡನಿಗಾಗಿ ಇರಬೇಕು, ಅವನು ಹೋದಾಗ ಬಾಣಂತಿ ಎಂದು ಅಳಲೂ ಬಿಟ್ಟಿರಲಿಲ್ಲ. ಡಾಕ್ಟರು ನನ್ನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಮೆಲ್ಲಗೆ, "ಅಕ್ಕಾರ, ಬೂಟ ಬಿಡಬೇಕೇನ್ರಿ?" ಎಂದರು.

"ಬೇಡ ಸರ್. ಉಣುಗು."

ಇಬ್ಬರಿಗೂ ನಗು ಬಂತು. ಸೆರಗು ಬಾಯಿಗೆ ಹಿಡಿದುಕೊಂಡು ಪಾರಾದೆ.

ಆ ವರ್ಷ ಬಿಳಿಗುಂಡಿಯಲ್ಲಿ ಯಾರಿಗೂ ಕಾಯಿಲೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಡಿಗೆ ಹೋದ ಕೆಲವರಿಗೆ ಬಂತು. ಆದರೆ ಜ್ವರ ಬಂದ ದಿನವೇ ನಮಗೆ ಹೇಳಿ ಕಳಿಸಿದರು, ಎಲ್ಲರೂ ಉಳಿದರು. ಆಮೇಲೆ ನಿಧಾನಕ್ಕೆ ರಸ್ತೆ ಆಯಿತು, ಗಾಡಿ ಅಂಗಳದ ತನಕ ಹೋಗತೊಡಗಿತು, ಬಂಗಾರ್ಯನ ಕಿಸೆಗೆ ಮೊಬೈಲು ಬಂತು. ನಾನು ಕಂಡಂತೆ ಹರಕೆಗಳು ಒಂದೊಂದಾಗಿ ಉದುರಿದವು. ಹೆರಿಗೆಗೆ ಮುಡಿಪು ಹೋಯಿತು, ಮಕ್ಕಳ ಜ್ವರಕ್ಕೆ ಕೋಳಿ ಹೋಯಿತು. ಯಾರೂ ಬಿಡಿ ಎಂದು ಭಾಷಣ ಮಾಡಲಿಲ್ಲ. ಇಳಿಜಾರು ಸಮವಾಯಿತು, ಲಾರಿ ನಿಲ್ಲಲಿಲ್ಲ.

ಆದರೆ ಹುಲ್ಲಿನ ಹನುಮಂತ ಹೋಗಲಿಲ್ಲ. ಮಂಗ ಸಾಯದ ವರ್ಷವೂ ಬೇಸಿಗೆಗೆ ಮುಂಚೆ ಅವನನ್ನು ಮಾಡುತ್ತಾರೆ, ಹೊರುತ್ತಾರೆ, ಸುಡುತ್ತಾರೆ, ಆಮೇಲೆ ಕೇರಿಯೆಲ್ಲ ಒಟ್ಟಿಗೆ ಕೂತು ಉಣ್ಣುತ್ತದೆ. ಎಲೆ ಹಾಕುವುದು ಗೌರಿ. ಯಾರ ಎಲೆ ಖಾಲಿ ಎಂದು ನೋಡುವುದೂ ಅವಳೇ. ಯಾರು ಬರಲಿಲ್ಲ, ಏಕೆ ಬರಲಿಲ್ಲ, ಸೂಜಿ ಹಾಕಿಸಿಕೊಂಡರಾ ಎಂದು ಅಲ್ಲೇ ಕೇಳುತ್ತಾಳೆ. ಭಾಗೀರಥಕ್ಕನನ್ನು ಅವಳು ಕಂಡವಳಲ್ಲ.

ಹಾಗಾಗಿ ಸಿರಿ, ನಿನ್ನ ಪ್ರಶ್ನೆಗೆ ನಾನು ಸಂಶಯವಿಲ್ಲದೆ ಹೇಳುತ್ತೇನೆ. ಓದು ಇಲ್ಲದ್ದಕ್ಕೆ ಜನ ದೇವರ ಹತ್ತಿರ ಹೋಗುವುದಲ್ಲ. ಕೂಗಿದರೆ ಬರುವವರು ಯಾರೂ ಇಲ್ಲದ ಕಡೆ ದೇವರನ್ನು ಕೂಗುತ್ತಾರೆ. ಕೂಗಿದರೆ ನೀನು ಬರುತ್ತೀಯ ಎಂದು ಖಾತ್ರಿಯಾದ ದಿನ ಆ ಕೂಗು ಕಡಿಮೆಯಾಗುತ್ತದೆ. ಒಬ್ಬರನ್ನೊಬ್ಬರು ಎಣಿಸಿಕೊಳ್ಳಲು ಇಟ್ಟುಕೊಂಡ ದೇವರು ಬೇರೆ. ಅವನು ಎಷ್ಟು ರಸ್ತೆಯಾದರೂ, ಎಷ್ಟು ಓದಿದರೂ ಉಳಿಯುತ್ತಾನೆ. ನಿನ್ನ ಊರಿನವರು ಯಾವುದಕ್ಕೆ ಹೋಗುತ್ತಾರೆಂದು ಮೊದಲು ನೋಡು. ಅಲ್ಲಿಯ ತನಕ ಬಾಯಿ ತೆಗೆಯಬೇಡ.

ಇನ್ನೊಂದು ಹೇಳುವುದಿದೆ. ನಿವೃತ್ತಿಯಾದ ಮೇಲೂ ಆ ಊಟಕ್ಕೆ ನನ್ನನ್ನು ಕರೆಯುತ್ತಿದ್ದರು, ಹೋಗುತ್ತಿದ್ದೆ. ಒಂದು ವರ್ಷ ಮೈಯಲ್ಲಿ ಸರಿಯಿರಲಿಲ್ಲ, ಹೋಗಲಿಲ್ಲ, ಹೇಳಿಯೂ ಕಳಿಸಲಿಲ್ಲ. ಅಷ್ಟು ಜನರ ನಡುವೆ ನಾನು ಬಾರದ್ದು ಯಾರಿಗೆ ತಿಳಿಯುತ್ತದೆ ಎಂದುಕೊಂಡೆ. ಮಾರನೆಯ ದಿನ ನಾನು ಶಿರಸಿಯ ನಿಮ್ಮ ಮನೆಯ ಜಗಲಿಯಲ್ಲಿ ಹೊದ್ದು ಕೂತಿದ್ದೆ. ಗೇಟು ಸದ್ದಾಯಿತು. ಗೌರಿ. ಎರಡು ಬಸ್ಸು ಬದಲಿಸಿ ಬಂದಿದ್ದಳು, ಕೈಯಲ್ಲಿ ಬಾಳೆಲೆಯ ಪೊಟ್ಟಣ. ಮೆಟ್ಟಿಲು ಹತ್ತಿದವಳೇ ನನ್ನ ಹಣೆಗೆ ಕೈಯಿಟ್ಟು ಜ್ವರ ನೋಡಿದಳು, ನಾನು ಅವಳ ಮಗಳಿಗೆ ನೋಡುತ್ತಿದ್ದ ಹಾಗೆಯೇ.

"ನಿಮ್ಮ ಎಲೆ ಹಾಕಿದ್ದೆ ಅಕ್ಕೋರೆ," ಎಂದಳು. "ಖಾಲಿ ಇತ್ತು. ಅದಕ್ಕೇ ನೋಡೂಕೆ ಬಂದೆ."